ಕಿಟಕಿಯ ಲೋಟ

ಅಂಗಿಯ ಎಡಜೇಬಿನಲ್ಲಿ ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದ ಕಾಗದ, ಕೃಷ್ಣ ನಂಜನಗೂಡಿನ ಬಸ್ ಸ್ಟ್ಯಾಂಡ್ ಮುಟ್ಟುವ ಹೊತ್ತಿಗೇ ಬೆವರಿಗೆ ಮೆತ್ತಗಾಗಿತ್ತು. ಮನೆಯಿಂದ ಇಲ್ಲಿಗೆ ನಡೆದದ್ದು ಅರ್ಧ ಮೈಲಿ. ಅಷ್ಟರಲ್ಲಿ ಮೂರು ಸಲ ಅದನ್ನು ಮುಟ್ಟಿ ನೋಡಿಕೊಂಡಿದ್ದ. ‘ಅನಾರೋಗ್ಯದ ನಿಮಿತ್ತ ಮುಖ್ಯ ಶಿಕ್ಷಕರ ಪ್ರಭಾರ ವಹಿಸಿಕೊಳ್ಳಲು ನನ್ನಿಂದ ಆಗುವುದಿಲ್ಲವೆಂದು ತಮ್ಮಲ್ಲಿ ವಿನಂತಿ.’ ಅನಾರೋಗ್ಯ ಎಂಥದು ಎಂದು ಬರೆದಿರಲಿಲ್ಲ. ಬರೆಯಲು ಇದ್ದರೆ ತಾನೆ? ಐವತ್ತೊಂದು ವರ್ಷದ ಗಟ್ಟಿಮುಟ್ಟಾದ ಆಳು, ಶುಗರ್ ಇಲ್ಲ, ಬಿಪಿ ಇಲ್ಲ, ಎರಡು ಮುದ್ದೆ ಉಂಡು ಅರಗಿಸಿಕೊಳ್ಳುವ ಹೊಟ್ಟೆ. ಇವತ್ತು ಜುಲೈ ತಿಂಗಳ ಕೊನೇ ದಿನ, ತಿ. ನರಸೀಪುರದ ಆಚೆಗಿನ ಶಾಲೆಯಲ್ಲಿ ಹೆಡ್‌ಮಾಸ್ಟರ್ ಶಿವಮಲ್ಲಪ್ಪನವರು ಸಂಜೆಗೆ ನಿವೃತ್ತರಾಗುತ್ತಾರೆ. ಸೀನಿಯಾರಿಟಿಯ ಪ್ರಕಾರ ಚಾರ್ಜು ಕೃಷ್ಣನಿಗೆ ಬರಬೇಕು. ಈ ಕಾಗದ ಕೊಟ್ಟುಬಿಟ್ಟರೆ ಅದು ಅವನನ್ನು ದಾಟಿ ವನಜಾಕ್ಷಿ ಮೇಡಮ್ಮಿಗೆ ಹೋಗುತ್ತದೆ, ಅವನು ಮೊದಲಿನ ಹಾಗೆ ಐದನೇ ಕ್ಲಾಸಿನ ಮೂಲೆಯಲ್ಲಿ ನೆಮ್ಮದಿಯಾಗಿ ಇರಬಹುದು. ನೆಮ್ಮದಿ ಎಂದು ತಾನೇ ಅಂದುಕೊಂಡಿದ್ದ. ಬೆಳಿಗ್ಗೆ ಹೆಂಡತಿ ರಾಣಿ ಅಂಗಿಗೆ ಇಸ್ತ್ರಿ ಹಾಕುತ್ತ, “ಕೊಡ್ಲೇಬೇಕಾ ಅದ್ನ?” ಎಂದಿದ್ದಳು. “ನಿಮ್ಮಪ್ಪ ಇದ್ದಿದ್ರೆ ಊರಿಗೆಲ್ಲ ಹೇಳ್ಕಂಡ್ ಬತ್ತಿದ್ರು, ನನ್ ಮಗ ಎಡ್‌ಮಾಸ್ಟ್ರು ಅಂತ,” ಎಂದು ಅವಳು ಅಂಗಿಯನ್ನು ಅವನ ಮೇಲೆ ಎಸೆದ ಹಾಗೆ ಕೊಟ್ಟಿದ್ದಳು.

ಅವಳಿಗೆ ಹೇಗೆ ಹೇಳುವುದು, ಭಯ ಕುರ್ಚಿಯದಲ್ಲ ಎಂದು? ಫೈಲು, ಮೀಟಿಂಗು, ಬಿಇಒ ಆಫೀಸಿನ ಅಲೆದಾಟ, ಇವೆಲ್ಲ ಅವನಿಗೆ ಬರುತ್ತಿತ್ತು. ಹತ್ತು ವರ್ಷದಿಂದ ಶಿವಮಲ್ಲಪ್ಪನವರು ಸಹಿ ಹಾಕಿದ ಕಾಗದಗಳನ್ನೆಲ್ಲ ಬರೆದುಕೊಟ್ಟವನು ಅವನೇ. ಭಯ ಇದ್ದದ್ದು ಬಿಸಿಯೂಟದ ಒಂದು ನಿಯಮಕ್ಕೆ. ಮಕ್ಕಳಿಗೆ ಬಡಿಸುವುದಕ್ಕೆ ಮೊದಲು ಹೆಡ್‌ಮಾಸ್ಟರ್ ರುಚಿ ನೋಡಿ ವಹಿಯಲ್ಲಿ ಸಹಿ ಹಾಕಬೇಕು. ದಿನಾ ಮಧ್ಯಾಹ್ನ ಹನ್ನೆರಡೂಮುಕ್ಕಾಲಿಗೆ, ಆ ನೂರಾ ಎಪ್ಪತ್ತು ಮಕ್ಕಳಿಗಿಂತ ಮೊದಲು, ತನ್ನ ಕೈ ಆ ಪಾತ್ರೆಯ ಹತ್ತಿರ ಹೋಗಬೇಕು. ಯಾರಾದರೂ ಒಬ್ಬ ತಂದೆ, ಒಬ್ಬಳು ಅಜ್ಜಿ, ನಾಳೆಯಿಂದ ನಮ್ಮ ಮಗು ಮನೆಯಿಂದಲೇ ಬುತ್ತಿ ತರುತ್ತದೆ ಎಂದರೆ? ಯಾರೂ ಹಾಗೆ ಅಂದಿರಲಿಲ್ಲ. ಅನ್ನುತ್ತಾರೆ ಎನ್ನುವ ಸೂಚನೆಯೂ ಇರಲಿಲ್ಲ. ಆದರೆ ಕೃಷ್ಣನ ತಲೆಯೊಳಗೆ ಆ ಅಜ್ಜಿ ತಿಂಗಳಿಂದ ಬುತ್ತಿ ಕಟ್ಟುತ್ತಲೇ ಇದ್ದಳು.

“ಜೈ ಭೀಮ್ ದೊಡ್ಡಪ್ಪ!”

ಇಡೀ ಬಸ್ ಸ್ಟ್ಯಾಂಡಿಗೆ ಕೇಳುವ ಹಾಗೆ ಕೂಗಿದವಳು ರೋಜಾ. ಅವನ ಹುಟ್ಟೂರು ಹೆಡತಲೆಯಲ್ಲಿ ಅವನದೇ ಕೇರಿಯ ಹುಡುಗಿ, ಅವನ ತಮ್ಮನ ವರಸೆಯವನ ಮಗಳು. ಇಪ್ಪತ್ತಾರು ವರ್ಷ, ಮೇಷ್ಟರ ಪರೀಕ್ಷೆ ಪಾಸು ಮಾಡಿ, ಅವನ ಶಾಲೆಗೇ ನೇಮಕವಾಗಿ, ಇವತ್ತೇ ಮೊದಲನೇ ದಿನ. ಕೃಷ್ಣನಿಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ಕತ್ತು ತಾನಾಗಿ ತಿರುಗಿ ಅಕ್ಕಪಕ್ಕ ಯಾರಿದ್ದಾರೆ ಎಂದು ನೋಡಿಬಿಟ್ಟಿತು. ನರಸೀಪುರದ ಬಸ್ಸಿಗೆ ದಿನಾ ಬರುವ ಬ್ಯಾಂಕಿನವರು ಇದ್ದರು, ಪೇಪರ್ ಓದುತ್ತಿದ್ದರು, ತಲೆ ಎತ್ತಲಿಲ್ಲ. ಕೃಷ್ಣ ತುಟಿ ಅಲುಗಿದರೆ ಅಲುಗಿತು ಎನ್ನುವಷ್ಟು ಮೆಲ್ಲಗೆ “ಜೈ ಭೀಮ್” ಎಂದ. ಮನೆಯ ಗೋಡೆಯ ಮೇಲೆ ಬಾಬಾಸಾಹೇಬರ ಫೋಟೊ ಇದೆ, ಪಕ್ಕದಲ್ಲಿ ಬುದ್ಧ ಇದ್ದಾನೆ, ಹುಣ್ಣಿಮೆಗೆ ಮೇಣದಬತ್ತಿ ಹಚ್ಚುತ್ತಾನೆ. ಅದೆಲ್ಲ ಬಾಗಿಲಿನ ಒಳಗಿನ ಧೈರ್ಯ. ಥೂ ನಿನ್ನ, ಎಂದು ತನ್ನನ್ನೇ ಬೈದುಕೊಂಡ. ಬೈದುಕೊಳ್ಳುವುದರಲ್ಲಿ ಅವನಿಗೆ ಒಳ್ಳೇ ಅಭ್ಯಾಸವಿತ್ತು.

ರೋಜಾ ಅದ್ಯಾವುದನ್ನೂ ಗಮನಿಸದೆ ಅಂಗಡಿಯಿಂದ ಎರಡು ಪೇಪರ್ ಲೋಟದಲ್ಲಿ ಟೀ ತಂದಳು. “ತಗೊಳಿ ದೊಡ್ಡಪ್ಪ. ಮನೇಲೊಂದು ಆಯ್ತು, ಇದು ಎರಡನೇದು. ದಿನಕ್ಕೆ ಐದು ಬೇಕು ನಂಗೆ. ಟೀ ಇಲ್ದಿದ್ರೆ ತಲೇನೇ ಓಡಲ್ಲ, ಅಮ್ಮ ಬೈತಾಳೆ, ಕಪ್ಪಗಾಗ್ತೀಯ ಅಂತ. ಇನ್ನೆಷ್ಟು ಕಪ್ಪಗಾಗ್ಲಿ?” ಎಂದು ಜೋರಾಗಿ ನಕ್ಕಳು. ಕೃಷ್ಣನೂ ನಕ್ಕ. ಪೇಪರ್ ಲೋಟ ಅವನಿಗೆ ಇಷ್ಟ. ಅದು ಯಾರದೂ ಅಲ್ಲ, ಕುಡಿದು ಎಸೆದರೆ ಮುಗಿಯಿತು, ಅದನ್ನು ಎಲ್ಲಿಡುವುದು, ಯಾರು ತೊಳೆಯುವುದು ಎಂಬ ತಾಪತ್ರಯವಿಲ್ಲ. “ಶಾಲೇಲಿ ಸರ್ ಅನ್ನಮ್ಮ,” ಎಂದ. “ಅಯ್ಯೋ, ಅಷ್ಟೂ ಗೊತ್ತಿಲ್ವಾ ನಂಗೆ? ಅಲ್ಲಿ ನೀವು ಎಚ್ಚೆಮ್ ಸರ್ರು. ನಮ್ಮಪ್ಪ ನಿನ್ನೆ ಇಡೀ ಕೇರಿಗೆ ಹೇಳ್ಕೊಂಡ್ ಬಂತು, ನನ್ ಮಗ್ಳು ಮೊದ್ಲನೇ ದಿನ ಸೇರ್ಕೊಳೋದು ನಮ್ ಕೃಷ್ಣಣ್ಣನ ಕೈ ಕೆಳಗೆ ಅಂತ.” ಜೇಬಿನ ಕಾಗದ ಎದೆಗೆ ಅಂಟಿಕೊಂಡಿತ್ತು. ಬಸ್ಸು ಬಂದು ನಿಂತಿತು.

ಬಸ್ಸು ಸುತ್ತೂರಿನ ದಾರಿ ಹಿಡಿಯಿತು. ಕಪಿಲೆ ತುಂಬಿ ಕೆಂಪಗೆ ಹರಿಯುತ್ತಿದ್ದಳು. ರೋಜಾ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡುತ್ತಿದ್ದರೆ ಕೃಷ್ಣ ಕಣ್ಣು ಮುಚ್ಚಿದ. ಏಳನೇ ಕ್ಲಾಸಿನ ರಿಸಲ್ಟು ಬಂದ ದಿನ ಅಪ್ಪ ಮಾದು ಅವನನ್ನು ಬಿಳಿಗೆರೆಗೆ ಕರೆದುಕೊಂಡು ಹೋಗಿದ್ದ, ಟೀ ಕುಡಿಸುತ್ತೇನೆ ಎಂದು. ಹೊಸ ಚಡ್ಡಿ, ಎಣ್ಣೆ ಹಚ್ಚಿದ ತಲೆ, ಅಂಗಡಿಯ ಮುಂದೆ ಬೆಂಚಿನ ಮೇಲೆ ಜನ. ಅಪ್ಪ ಬೆಂಚಿನ ಕಡೆ ಹೋಗಲಿಲ್ಲ, ಅಂಗಡಿಯ ಪಕ್ಕದ ಗೋಡೆಗೆ ಹೋದ. ಅಲ್ಲಿ ಸೂರಿನ ಕೆಳಗೆ ಒಂದು ಬೋರಲು ಹಾಕಿದ ಲೋಟ. ಅಪ್ಪ ಅದನ್ನು ತೆಗೆದು, ಊದಿ, ಒಳಗಿದ್ದ ಇರುವೆಯನ್ನು ಬೆರಳಿನಿಂದ ತೆಗೆದು, ತೊಟ್ಟಿಯ ನೀರಿನಲ್ಲಿ ಮೂರು ಸಲ ತೊಳೆದ. ಮೇಲಿನಿಂದ ಟೀ ಬಿತ್ತು. ಅಪ್ಪ ತಾನು ಕುಡಿಯಲಿಲ್ಲ, ಮಗನ ಮುಂದೆ ಹಿಡಿದ. ಕೃಷ್ಣ ಬೆಂಚಿನವರ ಗಾಜಿನ ಲೋಟಗಳನ್ನು ನೋಡುತ್ತ ನಿಂತಿದ್ದ. “ತೊಳ್ದಿವ್ನಿ ಕಣ್ಮಗ, ಕುಡಿ,” ಎಂದ ಅಪ್ಪ. ಆಮೇಲೆ, ಮಗ ಇನ್ನೂ ಬಾಯಿಗೆ ಹಚ್ಚದಿದ್ದಾಗ, “ನಮ್ ಲೋಟನ ಬ್ಯಾರೆ ಯಾರೂ ಮುಟ್ಟಕಿಲ್ಲ, ಗೊತ್ತಾ? ಬಾಳ ಕಿಲೀನು,” ಎಂದು ಹೆಮ್ಮೆಯ ದನಿಯಲ್ಲಿ ಸೇರಿಸಿದ. ಆ ಹೆಮ್ಮೆಯನ್ನು ಕೃಷ್ಣ ನಂಬಿದನೋ ಇಲ್ಲವೋ, ಟೀ ಕುಡಿದ. ಸಿಹಿಯಾಗಿತ್ತು. ಆ ದಿನದಿಂದ ಅಪ್ಪನ ಮೇಲೆ ಒಂದು ಸಿಟ್ಟು ಇತ್ತು, ಅಪ್ಪ ಸತ್ತು ಹದಿನೆಂಟು ವರ್ಷವಾದರೂ ಹೋಗಿರಲಿಲ್ಲ. ಅಂಗಡಿಯವನ ಮೇಲೆ ಅಷ್ಟು ಸಿಟ್ಟು ಬಂದಿರಲಿಲ್ಲ, ನೋಡಿ, ಅದೇ ವಿಚಿತ್ರ.

ಶಾಲೆಯ ಸ್ಟಾಫ್ ರೂಮಿನಲ್ಲಿ, ಅಡುಗೆಮನೆಯ ಕಡೆಗಿನ ಕಿಟಕಿಯಲ್ಲಿ, ಕೃಷ್ಣನ ಸ್ಟೀಲ್ ಲೋಟ ಬೋರಲು ಬಿದ್ದುಕೊಂಡಿತ್ತು. ಅದು ಅಲ್ಲಿಗೆ ಬಂದು ಇಪ್ಪತ್ತೆರಡು ವರ್ಷ. ಅದನ್ನು ಯಾರೂ ಅವನಿಗೆ ಕೊಟ್ಟದ್ದಲ್ಲ, ಅವನೇ ತಂದದ್ದು. ಈ ಶಾಲೆಗೆ ಬಂದ ಮೊದಲನೇ ದಿನ ಅಡುಗೆಯ ರಾಮಮ್ಮ ತಟ್ಟೆಯಲ್ಲಿ ಗಾಜಿನ ಲೋಟಗಳನ್ನಿಟ್ಟುಕೊಂಡು ಬಂದಳು. ಒಬ್ಬೊಬ್ಬರಿಗೇ ಕೊಡುತ್ತ ಬಂದವಳು ಅವನ ಮುಂದೆ ಒಂದು ಕ್ಷಣ ನಿಂತಳು. ನಿಂತಳೋ, ಇಲ್ಲವೋ? ಸೆರಗು ಸರಿಮಾಡಿಕೊಂಡಿರಬಹುದು. ಹೊಸ ಮೇಷ್ಟ್ರಿಗೆ ಸಕ್ಕರೆ ಎಷ್ಟು ಎಂದು ಕೇಳುವವಳಿದ್ದಿರಬಹುದು. ಆ ಒಂದು ಕ್ಷಣವನ್ನು ಅವನು ಇಪ್ಪತ್ತೆರಡು ವರ್ಷದಿಂದ ತಿರುವಿ ಹಾಕಿ ನೋಡುತ್ತಿದ್ದಾನೆ, ಇನ್ನೂ ಗೊತ್ತಾಗಿಲ್ಲ. ಅವಳು ಬಾಯಿ ಬಿಡುವ ಮೊದಲೇ, “ನನಗೆ ಟೀ ಅಭ್ಯಾಸ ಇಲ್ಲ,” ಎಂದುಬಿಟ್ಟಿದ್ದ. ಟೀ ಎಂದರೆ ಪ್ರಾಣ ಬಿಡುವ ಮನುಷ್ಯ! ಒಂದು ವಾರ ಬಾಯಿ ಒಣಗಿಸಿಕೊಂಡು ಕೂತ. ಎಂಟನೇ ದಿನ ಚೀಲದಲ್ಲಿ ಮನೆಯ ಲೋಟ ತಂದು, “ಗಾಜಿನದು ನನಗೆ ಕೈ ಸುಡುತ್ತೆ,” ಎಂದ. ಎಲ್ಲರೂ ಹೌದೆಂದರು. ಯಾರೂ, ಏನ್ ಮೇಷ್ಟ್ರೇ ಇದೆಲ್ಲ, ಎನ್ನಲಿಲ್ಲ. ಬೇಡ ಎನ್ನಲಿ ಎಂದೇ ತಂದಿದ್ದನೋ ಏನೋ. ಕುಡಿದು ತಾನೇ ತೊಳೆದು ಕಿಟಕಿಯಲ್ಲಿ ಬೋರಲು ಹಾಕಿದ. ಮಾರನೆಯ ದಿನವೂ ಹಾಕಿದ.

ಈಗ ರೋಜಾ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ನಮಸ್ಕಾರ ಹೇಳಿ, ಹಾಜರಿ ಪುಸ್ತಕದಲ್ಲಿ ಮೊದಲ ಸಹಿ ಮಾಡಿ, ಕಿಟಕಿಯ ಪಕ್ಕದ ಕುರ್ಚಿಯಲ್ಲೇ ಕೂತಳು. ವನಜಾಕ್ಷಿ ಮೇಡಮ್ಮು ಕೃಷ್ಣನನ್ನು ವರಾಂಡಕ್ಕೆ ಕರೆದರು. ದುಂಡಗಿನ, ಮಾತಿನ ಹೆಂಗಸು, ಈ ಶಾಲೆಗೆ ಬಂದು ಹದಿನೈದು ವರ್ಷ. “ಮೇಷ್ಟ್ರೇ, ನೀವು ಚಾರ್ಜ್ ತಗೋತೀರಿ ತಾನೇ? ಏನೇನೋ ನೆಪ ಹೇಳಿ ನನ್ ತಲೆಗೆ ಕಟ್ಬೇಡಿ ಕಣ್ರೀ, ಕೈ ಮುಗೀತೀನಿ. ನಿಮ್ಮಷ್ಟು ಬುದ್ಧಿವಂತಿಕೆ ನಂಗಿಲ್ಲ.” ಕೃಷ್ಣ ಜೇಬಿಗೆ ಕೈ ಹಾಕಿದ. ಇದೇ ಹೊತ್ತು, ಹೇಳಿಬಿಡಬಹುದು. ಆಗ ಅವರು ನಗುತ್ತ, “ಆದ್ರೆ ಒಂದ್ ಮಾತು. ಎಚ್ಚೆಮ್ ಆದ್ಮೇಲೆ ಈ ಮಡಿ ಎಲ್ಲ ಬಿಡ್ಬೇಕು,” ಎಂದರು. “ಯಾವ ಮಡಿ?” “ಅಯ್ಯೋ, ಯಾವ್ದು ಅಂತಾರೆ! ನಿಮ್ ಲೋಟ ನಿಮ್ಗೆ, ನಾವ್ ತೊಳೆದ್ರೂ ಆಗಲ್ಲ. ಮನೆಗ್ ಕರೆದ್ರೆ ಬರಲ್ಲ. ನನ್ ಮಗಳ ಮದ್ವೇಲೂ ಅಕ್ಷತೆ ಹಾಕಿ ಊಟ ಮಾಡ್ದೆ ಹೋದ್ರಲ್ಲ. ನಮ್ಮನೆಯವ್ರು ಕೇಳಿದ್ರು, ನಿಮ್ ಮೇಷ್ಟ್ರಿಗೆ ಅಷ್ಟೊಂದು ಜಂಬವಾ ಅಂತ.”

ಜಂಬ! ಕೃಷ್ಣನಿಗೆ ನಗು ಬಂತು. ಆ ಮದುವೆಯಲ್ಲಿ ಪಂಕ್ತಿಯಲ್ಲಿ ತನ್ನ ಪಕ್ಕದ ಎಲೆ ಖಾಲಿ ಉಳಿದುಬಿಟ್ಟರೆ ಎಂದು ಹೆದರಿ ಓಡಿಬಂದಿದ್ದ. ದಾರಿಯಲ್ಲಿ ಎರಡು ಬಾಳೆಹಣ್ಣು ತಿಂದು ಬಸ್ಸು ಹತ್ತಿದ್ದ. ಹಾಗಾದರೆ ಈ ಹದಿನೈದು ವರ್ಷ ಈ ಹೆಂಗಸು ತನ್ನನ್ನು ದೊಡ್ಡ ಮನುಷ್ಯ ಎಂದುಕೊಂಡಿದ್ದರೇ? ಅಥವಾ ಈಗ ಮೇಲುಮಾತಿಗೆ ಹೀಗೆ ಹೇಳುತ್ತಿದ್ದಾರೆಯೇ? ಅವರ ಮುಖ ನೋಡಿದ. ಸುಳ್ಳಿನ ಗುರುತು ಕಾಣಲಿಲ್ಲ. ಕಾಣದಿದ್ದದ್ದಕ್ಕೇ ಹೆಚ್ಚು ಭಯವಾಯಿತು. ಯಾರೂ ಹಾಕದ ಬೇಲಿಯೊಳಗೆ ಇಷ್ಟು ವರ್ಷ ಕೂತಿದ್ದೆನೆಂದರೆ ಆ ವರ್ಷಗಳನ್ನು ಈಗ ಯಾರ ಹತ್ತಿರ ಕೇಳುವುದು? ಬೇಲಿ ಇತ್ತು, ಇತ್ತು ಎಂದು ಅವನು ಅವಸರದಿಂದ ಅಂದುಕೊಂಡ. ಬಿಳಿಗೆರೆಯಲ್ಲಿ ಇತ್ತಲ್ಲ, ಕಣ್ಣಾರೆ ಕಂಡಿದ್ದೆನಲ್ಲ. ಕೈ ಜೇಬಿನಿಂದ ಖಾಲಿಯಾಗಿ ಹೊರಬಂತು.

ಮಧ್ಯಾಹ್ನ ಶಿವಮಲ್ಲಪ್ಪನವರು ಹೊಸ ಬಿಳಿ ಪಂಚೆಯಲ್ಲಿ ಅಡುಗೆಮನೆಯ ಬಾಗಿಲಿಗೆ ಬಂದು, “ಬನ್ನಿ ಕೃಷ್ಣ ಮೇಷ್ಟ್ರೇ, ನಾಳೆಯಿಂದ ನಿಮ್ದೇ ಡ್ಯೂಟಿ, ಇವತ್ತೇ ಶುರು ಮಾಡಿ,” ಎಂದರು. ಅವರು ದಿನಾ ತಟ್ಟೆ ಹಿಡಿದು, ಸೌಟಿನಿಂದ ತಾವೇ ಬಡಿಸಿಕೊಂಡು ಬಾಯಿ ಚಪ್ಪರಿಸುತ್ತಿದ್ದರು. ಹಬೆಯಾಡುವ ಅನ್ನ, ಸಾಂಬಾರಿನ ದೊಡ್ಡ ಪಾತ್ರೆ, ಹೊರಗೆ ತಟ್ಟೆ ಬಡಿಯುವ ಮಕ್ಕಳ ಗಲಾಟೆ. ಕೃಷ್ಣ ಹೊಸ್ತಿಲಿನ ಆಚೆಯೇ ನಿಂತು ಅಂಗೈ ಚಾಚಿದ. ರಾಮಮ್ಮ ಒಂದಿಷ್ಟು ಸಾಂಬಾರನ್ನ ಎತ್ತರದಿಂದ ಅಂಗೈಗೆ ಹಾಕಿದಳು. ಅಂಗೈ ಚಾಚಿದವನಿಗೆ ಇನ್ನು ಹೇಗೆ ಹಾಕಬೇಕು ಅವಳು? ಸುಟ್ಟಿತು. “ಚೆನ್ನಾಗಿದೆ,” ಎಂದ. ರುಚಿ ಗೊತ್ತಾಗಿರಲಿಲ್ಲ. ಹಿಂದೆ ತಿರುಗಿದಾಗ ರೋಜಾ ಕಂಬದ ಹತ್ತಿರ ನಿಂತು ಅವನ ಅಂಗೈಯನ್ನೇ ನೋಡುತ್ತಿದ್ದಳು. ಅವನು ಕೈಯನ್ನು ಕರವಸ್ತ್ರದಲ್ಲಿ ಮುಚ್ಚಿಕೊಂಡ. ಮಕ್ಕಳೆಲ್ಲ ಸಾಲಾಗಿ ಕೂತು ಉಂಡರು. ಒಬ್ಬರೂ ಏಳಲಿಲ್ಲ, ಒಬ್ಬರೂ ಬುತ್ತಿ ಬಿಚ್ಚಲಿಲ್ಲ, ಎರಡನೇ ಸಲ ಹಾಕಿಸಿಕೊಂಡವರೇ ಹೆಚ್ಚು.

ಊಟದ ನಂತರ ಒಮ್ಮೆ, ಮೂರು ಗಂಟೆಗೆ ಇನ್ನೊಮ್ಮೆ, ಕೃಷ್ಣ ಹೆಡ್‌ಮಾಸ್ಟರ್ ಕೋಣೆಯ ಬಾಗಿಲ ತನಕ ಹೋಗಿ ವಾಪಸ್ಸು ಬಂದ. ಮೊದಲನೇ ಸಲ ಅವರು ಫೋನಿನಲ್ಲಿದ್ದರು. ಎರಡನೇ ಸಲ ಬಿಡುವಾಗಿಯೇ ಇದ್ದರು, “ಏನ್ ಮೇಷ್ಟ್ರೇ?” ಎಂದರು, ಇವನು “ಏನಿಲ್ಲ ಸರ್, ಕುರ್ಚಿ ಸಾಲ್ತವಾ ನೋಡೋಣ ಅಂತ,” ಎಂದ. ಬೇಕು ಎನ್ನುವುದಕ್ಕೆ ಧೈರ್ಯ ಬೇಕು ಎಂದು ಗೊತ್ತಿತ್ತು. ಬೇಡ ಎನ್ನುವುದಕ್ಕೂ ಅಷ್ಟೇ ಬೇಕು ಎನ್ನುವುದು ಈಗ ಗೊತ್ತಾಯಿತು. ಹೀಗೆ, ಹೇಡಿತನದಿಂದ ಬರೆದ ಕಾಗದ ಹೇಡಿತನದಿಂದಲೇ ಜೇಬಿನಲ್ಲಿ ಉಳಿಯಿತು. ಮೂರೂವರೆಗೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ಸೇರಿದರು. ಹಾರ, ಶಾಲು, ನಾಲ್ಕು ಮಾತು. ಶಿವಮಲ್ಲಪ್ಪನವರು ಕಣ್ಣೊರೆಸಿಕೊಂಡು, ಬೀಗದ ಕೈ ಗೊಂಚಲನ್ನು ಕೃಷ್ಣನ ಅಂಗೈಯಲ್ಲಿಟ್ಟು, ಭುಜ ಹಿಡಿದು ತಾವು ಕೂತಿದ್ದ ಕುರ್ಚಿಯ ಮೇಲೆ ಕೂರಿಸಿದರು. ಚಾರ್ಜ್ ಪಟ್ಟಿ ಮುಂದಿಟ್ಟರು. ಕೃಷ್ಣ ಸಹಿ ಹಾಕಿದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಬಾಗಿಲ ಹತ್ತಿರ ಕೂತಿದ್ದ ರೋಜಾ.

ರಾಮಮ್ಮ ಟೀ ತಂದಳು. ಶಿವಮಲ್ಲಪ್ಪನವರಿಗೆ ಕೊಟ್ಟು, ಸೀದಾ ಕೃಷ್ಣನ ಹತ್ತಿರ ಬಂದು, ಅವನ ಮುಂದೆ ಒಂದು ಗಾಜಿನ ಲೋಟ ಇಟ್ಟಳು. ನಿಲ್ಲಲಿಲ್ಲ, ಯೋಚಿಸಲಿಲ್ಲ, ಇಟ್ಟಳು. “ಇನ್ಮೇಕೆ ಇದ್ರಲ್ಲೇ ಕುಡೀಬೇಕು ಸಾ. ಎಡ್‌ಮಾಸ್ಟ್ರು ನೀವು,” ಎಂದು ನಕ್ಕಳು. ಎಲ್ಲರೂ ನಕ್ಕರು. ಏನು ಹೇಳುವುದು ಆ ಗಳಿಗೆಯನ್ನು! ಇಪ್ಪತ್ತೆರಡು ವರ್ಷದ ಮೇಲೆ ಎರಡು ಬೆರಳಲ್ಲಿ ಗಾಜು ಹಿಡಿದ. ಕೈ ಸುಡಲಿಲ್ಲ. ಸಣ್ಣ ಹುಡುಗನ ಹಾಗೆ ಖುಷಿಯಾಯಿತು, ಅಪ್ಪಾ ನೋಡು ಎನ್ನಬೇಕೆನ್ನಿಸಿತು, ಅಪ್ಪನ ಮೇಲಿನ ಸಿಟ್ಟೂ ಆ ಕ್ಷಣಕ್ಕೆ ಕರಗಿಹೋಯಿತು. ಒಂದು ಗುಟುಕು ಕುಡಿದು ತಲೆ ಎತ್ತಿದ.

ರಾಮಮ್ಮ ಬಾಗಿಲ ಹತ್ತಿರ ರೋಜಾಳ ಮುಂದೆ ನಿಂತಿದ್ದಳು. ಅವಳ ಕೈಯಲ್ಲಿದ್ದದ್ದು ಕಿಟಕಿಯ ಸ್ಟೀಲ್ ಲೋಟ. “ತಗಳಿ ಮಿಸ್,” ಎನ್ನುತ್ತಿದ್ದಳು, ಪ್ರೀತಿಯಿಂದಲೇ. “ನಮ್ ಸಾ ದಿನಾ ಇದ್ರಲ್ಲೇ ಕುಡೀತಿದ್ರು. ನೀವೂ ಅವ್ರ ಕಡೆಯೋರೇ ಅಂತಲ್ಲ, ಅದ್ಕೇ ನಿಮ್ಗೆ ಕೊಟ್ಟಿವ್ನಿ.” ಪಕ್ಕದ ಗೂಡಿನಲ್ಲಿ ತೊಳೆದ ಗಾಜಿನ ಲೋಟ ಇನ್ನೂ ಮೂರು ಬೋರಲು ಬಿದ್ದಿದ್ದವು. ಕೃಷ್ಣ ಅವನ್ನು ಎಣಿಸಿದ. ಮತ್ತೊಮ್ಮೆ ಎಣಿಸಿದ. ಯಾರಿಗೂ ಏನೂ ಅನ್ನಿಸಿರಲಿಲ್ಲ. ವನಜಾಕ್ಷಿ ಮೇಡಮ್ಮು ಸೀರೆಯ ಮೇಲೆ ಬಿದ್ದ ಮಿಕ್ಸ್ಚರ್ ಕೊಡವಿಕೊಳ್ಳುತ್ತಿದ್ದರು. ರೋಜಾ ಲೋಟವನ್ನು ನೋಡಿದಳು, ಗೂಡನ್ನು ನೋಡಿದಳು, ಎಲ್ಲರ ಕೈಯ ಗಾಜುಗಳನ್ನು ನೋಡಿದಳು, ಕೊನೆಗೆ ಅವನನ್ನು ನೋಡಿದಳು. ಬಸ್ ಸ್ಟ್ಯಾಂಡಿನಲ್ಲಿ ನಕ್ಕ ಮುಖ ಅದಲ್ಲ.

ಒಂದು ಮಾತು ಸಾಕಿತ್ತು. ರಾಮಮ್ಮ, ಅವರಿಗೂ ಗಾಜಿನ ಲೋಟ ಕೊಡಿ. ಐದು ಪದ. ಹೇಳಿದರೆ ರಾಮಮ್ಮ, ಆಗ್ಲಿ ಸಾ, ಎಂದು ಕೊಡುತ್ತಿದ್ದಳು, ಅದೂ ಅವನಿಗೆ ಗೊತ್ತಿತ್ತು. ತಾನೇ ಎದ್ದು ಹೋಗಿ ಬದಲಾಯಿಸಬಹುದಿತ್ತು. ಆದರೆ ಹಾಗೆ ಮಾಡಿದರೆ ಈ ಕೋಣೆಯಲ್ಲಿ ಇದ್ದಕ್ಕಿದ್ದ ಹಾಗೆ ಎಲ್ಲರಿಗೂ ಎಲ್ಲವೂ ಕಾಣಿಸಿಬಿಡುತ್ತಿತ್ತು: ಕಿಟಕಿ, ಇಪ್ಪತ್ತೆರಡು ವರ್ಷ, ಮದುವೆಮನೆಯ ಖಾಲಿ ಎಲೆ, ಬಿಳಿಗೆರೆಯ ಸೂರು. ಕೈಯ ಗಾಜೂ ಭಾರವಾಗುತ್ತಿತ್ತು. ಎಲ್ಲರೂ ಈಗ ಅವನ ಕಡೆ ತಿರುಗಿದ್ದರು, ಹೊಸ ಹೆಡ್‌ಮಾಸ್ಟರ್ ಏನೋ ಹೇಳುತ್ತಾರೆಂದು. ಕೃಷ್ಣ ಬಾಯಿ ತೆರೆದ. ಈ ಶಾಲೆಯಲ್ಲಿ ಒಂದು ದಿನವೂ ಆಡದ, ಮನೆಯಲ್ಲೂ ಮರೆತ ಕೇರಿಯ ಮಾತು, ಅಪ್ಪನ ದನಿಯಲ್ಲಿ ಹೊರಬಂತು.

“ತೊಳ್ದಿವ್ನಿ ಕಣ್ಮಗ, ಕುಡಿ.”

ರೋಜಾ ಕೈ ಚಾಚಲಿಲ್ಲ. ಸೀರೆಯ ಸೆರಗನ್ನು ಮಡಿಲಲ್ಲಿ ಸರಿಮಾಡಿಕೊಂಡು, ಪುಸ್ತಕದ ಕನ್ನಡದಲ್ಲಿ, ತುಂಬ ಮರ್ಯಾದೆಯಿಂದ ಹೇಳಿದಳು. “ನನಗೆ ಟೀ ಅಭ್ಯಾಸ ಇಲ್ಲ ಸರ್.”

“ಒಳ್ಳೇದೇ ಬಿಡಮ್ಮ,” ಎಂದರು ಶಿವಮಲ್ಲಪ್ಪನವರು. ಮಾತು ಬೇರೆ ಕಡೆ ಹೋಯಿತು, ಯಾರೋ ಪೆನ್ಷನ್ ವಿಷಯ ತೆಗೆದರು. ಕೃಷ್ಣ ತನ್ನ ಲೋಟದ ಟೀಯನ್ನು ಕೊನೇ ಹನಿಯವರೆಗೂ ಕುಡಿದ. ಬಿಟ್ಟರೆ ಯಾರಾದರೂ ಏಕೆ ಎಂದು ಕೇಳಬಹುದಿತ್ತು. ರಾಮಮ್ಮ ಸ್ಟೀಲ್ ಲೋಟದ ಟೀಯನ್ನು ಹೊರಗೆ ಚೆಲ್ಲಿ, ತೊಳೆದು, ಒರೆಸುತ್ತ ಮೇಜಿನ ಹತ್ತಿರ ಬಂದಳು. ಹೊಸ ಹೆಡ್‌ಮಾಸ್ಟರಿಗೆ ಕೇಳಿದ ಮೊದಲನೇ ಪ್ರಶ್ನೆ ಅವಳದೇ. “ಸಾ, ಈ ಲೋಟನ ನಾಳೆಯಿಂದ ಎಲ್ಲಿಕ್ಲಿ?”

ಮನೆಗೆ ಒಯ್ಯುತ್ತೇನೆ ಎನ್ನಬಹುದಿತ್ತು. ಅದು ನನ್ನದು, ನಾನೇ ಕುಡಿಯುತ್ತೇನೆ ಎಂದಾದರೂ ಅನ್ನಬಹುದಿತ್ತು. ರೋಜಾ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಕುಡಿಯುತ್ತಿದ್ದಳು, ಮುಖ ಹೊರಗಿತ್ತು, ಕಿವಿ ಇಲ್ಲೇ ಇತ್ತು.

“ಅಲ್ಲೇ ಇರಲಿ,” ಎಂದ ಕೃಷ್ಣ.